ನನ್ನ ಹೆಗಲು, ಬಾಳಪ್ಪನ ಎತ್ತು

ಬೇನೆಗಳಲ್ಲಿ ಎರಡು ಬಗೆ. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದವು ಕೆಲವು, ಬಾಯಿ ಮುಚ್ಚಿಕೊಂಡು ಅನುಭವಿಸಬೇಕಾದವು ಕೆಲವು. ನೆಗಡಿ, ಕೆಮ್ಮು, ಚಳಿಜ್ವರ ಮೊದಲನೆಯ ಬಗೆಯವು. ಅವು ಬಂದರೆ ಮನೆಗೆ ಜನ ಬರುತ್ತಾರೆ, ಕಷಾಯ ಬರುತ್ತದೆ, ಸಾಲೆಗೆ ರಜೆ ಸಿಗುತ್ತದೆ. ಎರಡನೆಯ ಬಗೆಯವುಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ನನ್ನ ವಿದ್ಯಾರ್ಥಿಗಳೂ ಇರಬಹುದು. ನನಗೆ ಬಂದದ್ದು ಈ ಎರಡರ ನಡುವಿನ ಒಂದು ಬೇನೆ. ಬೇನೆಯನ್ನು ಊರಿಗೆಲ್ಲ ಹೇಳಬಹುದಿತ್ತು, ಹೇಳಿದೆ ಕೂಡ. ಅದು ಹೇಗೆ ಬಂತು ಎಂಬುದನ್ನು ಮಾತ್ರ ಹೇಳುವ ಹಾಗಿರಲಿಲ್ಲ. ಆಗ ನಾನು ಹುಕ್ಕೇರಿಯಲ್ಲಿ ಸಾಲೆ ಮಾಸ್ತರನಾಗಿದ್ದೆ. ‘ಸತ್ಯವನ್ನೇ ನುಡಿಯಬೇಕು, ಪರರ ವಸ್ತುವನ್ನು ಮುಟ್ಟಬಾರದು’ ಎಂದು ಹುಡುಗರಿಂದ ವಾರಕ್ಕೆರಡು ಸಲ ಶುದ್ಧಬರಹ ಬರೆಸುತ್ತಿದ್ದವನು. ಇಷ್ಟು ಹೇಳಿದ ಮೇಲೆ ಮುಂದಿನದನ್ನು ನೀವು ಅರ್ಧ ಊಹಿಸಿರುತ್ತೀರಿ. ಉಳಿದ ಅರ್ಧದಲ್ಲಿ ಒಂದು ಎತ್ತು ಇದೆ.

ಮೊದಲು ಕರದಂಟಿನ ವಿಷಯ. ಗೋಕಾಕದ ಕರದಂಟು ತಿಂದವರಿಗೆ ವಿವರಣೆ ಬೇಡ, ತಿನ್ನದವರಿಗೆ ವಿವರಿಸಿ ಫಲವಿಲ್ಲ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಬಾದಾಮಿ, ಉತ್ತತ್ತಿ ಎಲ್ಲವನ್ನೂ ಬೆಲ್ಲದ ಪಾಕದಲ್ಲಿ ಕೂಡಿಸಿದ ಪದಾರ್ಥ ಅದು. ಬಾಣಂತಿಯರ ನಡು ಗಟ್ಟಿಯಾಗಲೆಂದು ಕೊಡುತ್ತಾರೆ. ನಮ್ಮ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬರುವವಳಿದ್ದಳು. ಅವಳಿಗಾಗಿ ನನ್ನ ಹೆಂಡತಿ ಗಂಗವ್ವ ಗೋಕಾಕದಿಂದ ಕರದಂಟು ತರಿಸಿ, ಹಿತ್ತಾಳೆ ಡಬ್ಬಿಯಲ್ಲಿ ತುಂಬಿ, ಅಡಿಗೆಮನೆಯ ತೊಲೆಗೆ ತೂಗುಹಾಕಿದ ಹಗ್ಗದ ನೆಲವಿನಲ್ಲಿ ಇಟ್ಟಳು. ಇಲಿಗೆ ಎಟುಕಬಾರದು ಅಂತ ಇಟ್ಟದ್ದು ಎಂದು ಹೇಳಿದಳು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ‘ಬಾಣಂತಿದು ಐತಿ. ಯಾರೂ ಕೈ ಹಚ್ಚಬ್ಯಾಡ್ರಿ’ ಎಂದಳು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಆ ‘ಯಾರೂ’ ಯಾರು ಎಂಬುದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೊಡ ತೆಗೆದುಕೊಂಡು ಬಾವಿಗೆ ಹೋದಾಗ ನಾನು ಮೂಲೆಯಲ್ಲಿ ಒಟ್ಟಿದ್ದ ಜೋಳದ ಚೀಲಗಳನ್ನು ಹತ್ತಿದೆ. ಒಂದೇ ಒಂದು ಚೂರು, ರುಚಿ ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ, ಬಾಣಂತಿಗೆ ಕೊಡುವ ವಸ್ತು. ಬಲಗೈಯಿಂದ ತೊಲೆಯನ್ನು ಹಿಡಿದು ಎಡಗೈಯನ್ನು ಡಬ್ಬಿಯ ಕಡೆ ಚಾಚಿದೆ. ಮೇಲಿನ ಚೀಲ ಅದೇ ಗಳಿಗೆಯಲ್ಲಿ ಜಾರಿತು. ಕಾಲ ಕೆಳಗಿನ ಆಧಾರ ಹೋಗಿ ನನ್ನ ಮೈಭಾರವೆಲ್ಲ ಆ ಒಂದು ಕೈಯ ಮೇಲೆ ಬಿತ್ತು. ಹೆಗಲಿನೊಳಗೆ ಹಳೆಯ ಧೋತರ ಹರಿದ ಹಾಗೆ ಚರ್ರೆಂದಿತು. ಕೈ ಬಿಟ್ಟು ಚೀಲಗಳ ಮೇಲೆ ಬಿದ್ದೆ. ಬಿದ್ದಲ್ಲಿಂದ ನೋಡಿದರೆ ಡಬ್ಬಿ ಇದ್ದಲ್ಲೇ ಇತ್ತು, ಒಂದು ಸಲ ತೂಗಾಡಿ ಸುಮ್ಮನಾಯಿತು. ಚೂರು ಕೂಡ ಸಿಕ್ಕಿರಲಿಲ್ಲ. ಈ ಸಂಗತಿಯನ್ನು ನೆನೆದರೆ ಹೆಗಲಿಗಿಂತ ಅದೇ ಹೆಚ್ಚು ನೋಯುತ್ತದೆ.

ಚೀಲವನ್ನು ಕಾಲಿನಿಂದಲೇ ಸರಿಪಡಿಸಿ, ಹೆಗಲು ಹಿಡಿದುಕೊಂಡು ಹೊರಗೆ ಬಂದು ಕಟ್ಟೆಯ ಕೆಳಗೆ ಕುಸಿದು ಕೂತೆ. ನನ್ನ ಎದುರಿಗೆ ಬಾಳಪ್ಪನ ಎತ್ತು ನಿಂತಿತ್ತು. ಬಾಳಪ್ಪ ನಮ್ಮ ಓಣಿಯ ಕೊನೆಯ ಮನೆಯ ಒಕ್ಕಲಿಗ. ಅವನಿಗೆ ಸರ್ಜಾ, ರಾಜಾ ಎಂಬ ಎರಡು ಬಿಳಿಯ ಎತ್ತುಗಳು. ಸರ್ಜಾ ಆ ದಿನ ಹೇಗೋ ಹಗ್ಗ ಬಿಚ್ಚಿಕೊಂಡು ಗಾಳಿ ತಿನ್ನಲು ಬಂದಿತ್ತು. ಅಷ್ಟರಲ್ಲಿ ಗಂಗವ್ವ ಕೊಡ ಹೊತ್ತು ಬಂದಳು. ‘ಅಯ್ಯ, ಏನಾತ್ರಿ?’ ಎಂದಳು. ನಾನು ಎತ್ತನ್ನು ನೋಡಿದೆ. ಎತ್ತು ನನ್ನನ್ನು ನೋಡಿತು. ‘ಈ ಎತ್ತು...’ ಎಂದೆ. ದೇವರಾಣೆ ಮಾಡಿ ಹೇಳುತ್ತೇನೆ, ನಾನು ಹೇಳಿದ್ದು ಎರಡೇ ಮಾತು. ವಾಕ್ಯವನ್ನು ಪೂರ್ತಿ ಮಾಡಿದವರು ಓಣಿಯವರು. ಮಧ್ಯಾಹ್ನದ ಹೊತ್ತಿಗೆ ಎತ್ತು ನನ್ನನ್ನು ಹಾಯ್ದಿತ್ತು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಆಡುತ್ತಿದ್ದ ಕೂಸೊಂದನ್ನು ಉಳಿಸಲು ನಾನೇ ಅಡ್ಡ ಹೋಗಿದ್ದೆ. ಆ ಕೂಸು ಯಾರದು ಎಂದು ಯಾರೂ ಕೇಳಲಿಲ್ಲ. ನಾನೂ ವಿಚಾರಿಸಲಿಲ್ಲ.

ಬಾಳಪ್ಪ ಬಂದು ಬಾಗಿಲಲ್ಲಿ ಕೈಮುಗಿದು ನಿಂತ. ‘ಮಾಸ್ತರ್ರ, ಮುಖ ತೋರಸಾಕ ನಾಚಿಕಿ ಆಗತೈತ್ರಿ. ಹುಟ್ಟಿದಾಗಿಂದ ಒಂದ ದಿನ ಯಾರಿಗೂ ಕೋಡ ತೋರಿಸಿದ್ದಿಲ್ಲ. ಅದರ ತಲ್ಯಾಗ ಏನ ಹೊಕ್ಕಿತೋ’ ಎಂದ. ‘ಇರಲಿ ಬಿಡು ಬಾಳಪ್ಪ, ಮೂಕ ಪ್ರಾಣಿ’ ಎಂದು ನಾನು ದೊಡ್ಡ ಮನಸ್ಸು ಮಾಡಿದೆ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಅವನ ಮನೆಯಿಂದ ಒಂದು ತಂಬಿಗೆ ಹಾಲು ಬರತೊಡಗಿತು. ಬೇಡವೆಂದರೆ ಕೇಳಲಿಲ್ಲ. ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅವನು ಸರ್ಜಾನ ಕೊರಳಿಗೆ ಕೊರಡು ಕಟ್ಟಿದ. ಕಂಡವರ ಹೊಲ ಮೇಯುವ ತುಡುಗು ದನಕ್ಕೆ, ಹಾಯುವ ದನಕ್ಕೆ ನಮ್ಮ ಕಡೆ ಹೀಗೆ ಮೊಳದುದ್ದದ ಕಟ್ಟಿಗೆಯ ತುಂಡೊಂದನ್ನು ಕೊರಳಿಗೆ ಇಳಿಬಿಡುತ್ತಾರೆ. ಓಡಿದರೆ ಅದು ಮೊಣಕಾಲಿಗೆ ಬಡಿಯುತ್ತದೆ. ನೋಡಿದವರಿಗೆ ಇದು ಕೆಟ್ಟ ದನ ಎಂಬುದೂ ಗೊತ್ತಾಗುತ್ತದೆ. ದಿನಾಲು ನಾನು ಆ ಹಾಲಿನ ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಸರ್ಜಾ ಹೊಲಕ್ಕೆ ಹೋಗುತ್ತ ನಮ್ಮ ಬಾಗಿಲ ಮುಂದೆ ಸಾಗುತ್ತಿತ್ತು. ಟಕ್, ಟಕ್, ಟಕ್. ನಾನು ಚಹಾದ ಕಪ್ಪು-ಬಸಿಯೊಳಗೆ ಮುಖ ಹಾಕಿಕೊಂಡು ಕೂಡುತ್ತಿದ್ದೆ.

ಇತ್ತ ಕೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏರಲೊಲ್ಲದು. ಮಾಸ್ತರನ ಬದುಕಿನಲ್ಲಿ ಎಷ್ಟು ಕೆಲಸ ಹೆಗಲಿಗಿಂತ ಮೇಲೆ ನಡೆಯುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ರುಮಾಲು ಸುತ್ತಲು ಬರುವುದಿಲ್ಲ. ಕರಿಹಲಗೆಯ ಮೇಲಿನ ಅರ್ಧ ಖಾಲಿ, ಪಾಠವೆಲ್ಲ ಕೆಳಗಿನ ಅರ್ಧದಲ್ಲಿ. ಹಿಂದಿನ ಸಾಲಿನ ಹುಡುಗರು ಎದ್ದು ನಿಂತು ಓದಬೇಕು. ಬೆತ್ತ ಎತ್ತಲು ಬರುವುದಿಲ್ಲ ಎಂಬುದು ಗೊತ್ತಾದ ದಿನದಿಂದ ಹುಡುಗರು ನನ್ನನ್ನು ಬಹಳ ಪ್ರೀತಿಸತೊಡಗಿದರು. ‘ಗುರುಗಳ, ಆರಾಮ ಆತೇನ್ರಿ?’ ಎಂದು ದಿನಾ ಕೇಳುವರು. ‘ಇನ್ನೂ ಇಲ್ಲ’ ಎಂದರೆ ಅವರ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು.

ಔಷಧಕ್ಕೆ ಕೊರತೆಯಿರಲಿಲ್ಲ. ಹೆಂಡತಿ ಇದು ವಾಯು ಎಂದು ಎಕ್ಕೆಯ ಎಲೆಗೆ ಎಣ್ಣೆ ಸವರಿ, ಕಾಯಿಸಿ ಕಟ್ಟಿದಳು. ಉಪ್ಪಿನ ಗಂಟಿನಿಂದ ಶಾಖ ಕೊಟ್ಟಳು. ಶಾಖ ಹಿತವಾಗಿತ್ತು, ಕೈ ಮಾತ್ರ ಏರಲಿಲ್ಲ. ಹೆಡ್ ಮಾಸ್ತರರು ಇದು ನರ ಹಿಡಿದದ್ದು ಎಂದರು. ಬಾಳಪ್ಪ ಯಮಕನಮರಡಿಯಿಂದ ಎಲುಬು ಕೂಡಿಸುವ ಮುದುಕನೊಬ್ಬನನ್ನು ಕರೆತಂದ. ಮುದುಕ ಹೆಗಲನ್ನು ಮುಟ್ಟಿ, ‘ಕೀಲು ಜಾರೇತಿ’ ಎಂದು ತೀರ್ಪು ಕೊಟ್ಟು, ತನ್ನ ಹಿಮ್ಮಡಿಯನ್ನು ನನ್ನ ಕಂಕುಳಲ್ಲಿ ಇಟ್ಟು, ನನ್ನ ಕೈಯನ್ನು ಬಾವಿಯಿಂದ ಕೊಡ ಸೇದಿದ ಹಾಗೆ ಸೇದಿದ. ನಾನು ಕೂಗಿದ್ದು ಬಸ್‌ ನಿಲ್ದಾಣಕ್ಕೆ ಕೇಳಿಸಿತಂತೆ. ‘ಕುಂತಿತು’ ಎಂದ ಮುದುಕ. ಅಂದಿನಿಂದ ನಾನೂ ಕೂತೆ. ಆ ಮಗ್ಗುಲಾಗಿ ಮಲಗಲು ಬರುವುದಿಲ್ಲ, ಅಂಗಿ ತೊಡಲು ಬರುವುದಿಲ್ಲ. ಹಿಂದಿನ ನೋವಿಗೆ ಹೊಸದೊಂದು ಕೂಡಿಕೊಂಡಿತು ಅಷ್ಟೆ.

ತಿಂಗಳಾದ ಮೇಲೆ ಬಾಳಪ್ಪನೇ ಹಟ ಹಿಡಿದು ನನ್ನನ್ನು ಗೋಕಾಕಕ್ಕೆ ಹೊರಡಿಸಿದ. ಅಲ್ಲಿ ಮುಂಬಯಿಯಲ್ಲಿ ಓದಿ ಬಂದ ಡಾಕ್ಟರೊಬ್ಬರಿದ್ದರು. ಒಬ್ಬನೇ ಹೋಗುತ್ತೇನೆ ಎಂದರೆ ಕೇಳಬೇಕಲ್ಲ. ‘ನನ್ನ ಎತ್ತು ಮಾಡಿದ ತಪ್ಪಿಗಿ ನಾ ಬರಲಿಲ್ಲಂದ್ರ ಹೆಂಗ್ರಿ’ ಎಂದು ತಲೆಗೆ ಸುತ್ತಿದ ಪಟಗಾ ಸಹಿತ ಬಸ್ಸಿನಲ್ಲಿ ನನ್ನ ಬಾಜೂ ಬಂದು ಕೂತ. ದವಾಖಾನೆಯೊಳಗೂ ಬಂದ. ಡಾಕ್ಟರು ‘ಹೆಂಗಾತು?’ ಎಂದು ನನ್ನನ್ನು ಕೇಳಿದರೆ ‘ಎತ್ತು ಹಾಯ್ದೈತ್ರಿ ಸಾಹೇಬ್ರ, ನಂದ ಎತ್ತು’ ಎಂದು ಅವನೇ ಉತ್ತರಿಸಿದ. ಡಾಕ್ಟರು ನನ್ನ ಅಂಗಿ ಬಿಚ್ಚಿಸಿದರು. ಹೆಗಲಿನ ಸುತ್ತ ಬೆರಳಿನಿಂದ ಒತ್ತುತ್ತ ಹೋದರು, ಒಂದು ಕಡೆ ಒತ್ತಿದಾಗ ನಾನು ಕುರ್ಚಿಯಿಂದ ಎದ್ದೆ. ‘ಕೈ ಎತ್ತರಿ’ ಎಂದರು. ಕೈ ಅರ್ಧಕ್ಕೆ ನಿಂತು, ಹೆಗಲೇ ಕಿವಿಯ ಕಡೆ ಏರಿತು. ಆಮೇಲೆ ಅವರೇ ನನ್ನ ಕೈ ಹಿಡಿದು ಮೆಲ್ಲಗೆ ಎತ್ತಿದರು. ಆಶ್ಚರ್ಯ, ಕೈ ತಲೆಯ ಮೇಲಿನತನಕ ಹೋಯಿತು. ‘ಈಗ ಸಾವಕಾಶ ಇಳಸರಿ’ ಎಂದು ಅರ್ಧದಲ್ಲಿ ಬಿಟ್ಟರು. ಕೈ ನನ್ನ ಮಾತು ಕೇಳದೆ ದೊಪ್ಪನೆ ತೊಡೆಯ ಮೇಲೆ ಬಿತ್ತು.

‘ನೋಡ್ರಿ’ ಎಂದರು ಡಾಕ್ಟರು, ‘ಕೀಲು ಜಾರಿದ್ರ ಅಥವಾ ಬಿಗಿದಿದ್ರ ನಾ ಎತ್ತಿದ್ರೂ ಏರತಿದ್ದಿಲ್ಲ. ನಾ ಎತ್ತಿದ್ರ ಏರತೈತಿ, ನೀವ ಎತ್ತಿದ್ರ ಏರೂದಿಲ್ಲ. ಅಂದ್ರ ಕೀಲು ಪಾಡ ಐತಿ, ಅದಕ್ಕೇನೂ ಆಗಿಲ್ಲ, ಅದನ್ನ ಎಳಿಯೂ ಹಗ್ಗ ಹರದೈತಿ. ತೋಳಿನ ಎಲುಬಿನ ತಲಿಗೆ ನಾಕು ಸ್ನಾಯು ಕೂಡಿ ಅಂಗಿ ತೋಳಿನ ಪಟ್ಟಿ ಹಾಂಗ ಸುತ್ತಿರತಾವ. ಆ ಪಟ್ಟಿ ನಿಮ್ಮದು ಹರದೈತಿ. ಎಕ್ಸರೇದಾಗ ಎಲುಬಷ್ಟ ಕಾಣತೈತಿ, ಇದು ಕಾಣೂದಿಲ್ಲ.’ ನನಗೆ ಡಾಕ್ಟರ ಮೇಲೆ ಬಹಳ ಗೌರವ ಹುಟ್ಟಿತು. ಅವರು ಅಷ್ಟಕ್ಕೇ ನಿಲ್ಲಿಸಿದ್ದರೆ ಆ ಗೌರವ ಹಾಗೆಯೇ ಉಳಿಯುತ್ತಿತ್ತು. ಅವರು ಕನ್ನಡಕ ಮೇಲೇರಿಸಿ, ‘ಆದ್ರ ಇದು ಎತ್ತು ಹಾಯ್ದದ್ದಲ್ಲ’ ಎಂದರು. ‘ಹಾಯ್ದಿದ್ರ ಗಾಯದ ಕಲಿ ಇರಬೇಕು. ಇದು ಕೈ ಮ್ಯಾಲ ಇದ್ದಾಗ ಮೈಭಾರ ಎಲ್ಲಾ ಅದರ ಮ್ಯಾಲ ಬಿದ್ದು ಹರದದ್ದು. ಎಲ್ಲ್ಯರ ಜೋತುಬಿದ್ದಿದ್ರೇನು?’

ಬಾಳಪ್ಪ ನನ್ನನ್ನು ನೋಡಿದ. ಸತ್ಯ ಹೇಳಲು ದೇವರು ಇದಕ್ಕಿಂತ ಒಳ್ಳೆಯ ಅವಕಾಶವನ್ನು ಯಾರಿಗೂ ಕೊಟ್ಟಿರಲಾರ. ‘ಹೌದ್ರಿ’ ಎಂದೆ, ‘ಕೋಡಿಗೆ ಜೋತುಬಿದ್ದಿದ್ನಿ.’ ಡಾಕ್ಟರು ಬಾಳಪ್ಪನ ಕಡೆ ತಿರುಗಿ ‘ನಿನ್ನ ಎತ್ತು ಎಷ್ಟ ಎತ್ತರ ಐತಪಾ?’ ಎಂದರು. ‘ನನ್ನ ಎದಿಮಟ ಐತ್ರಿ’ ಎಂದು ಅವನು ಕೈಯಿಂದ ತೋರಿಸಿದ. ಡಾಕ್ಟರು ಆ ಕೈಯ ಎತ್ತರವನ್ನೂ ನನ್ನ ಎತ್ತರವನ್ನೂ ಒಂದು ಸಲ ಅಳೆದು ನೋಡಿದರು. ನಾನು ತಡಮಾಡದೆ, ‘ಕೋಡಮ್ಯಾಲ ಎತ್ತಿ ಹಿಡಿದಿತ್ರಿ. ಕಾಲು ನೆಲಕ್ಕ ಹತ್ತತಿರಲಿಲ್ಲ’ ಎಂದೆ. ಡಾಕ್ಟರು ಮೂಗು ಉಜ್ಜಿಕೊಂಡು ಏನೋ ಬರೆದರು. ಔಷಧವೋ, ನನ್ನ ವಿಷಯದಲ್ಲಿ ಅವರ ಅಭಿಪ್ರಾಯವೋ ಗೊತ್ತಾಗಲಿಲ್ಲ. ಒಂದಿಷ್ಟು ದಿನ ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು, ಶಾಖ ಕೊಡಬೇಕು. ನೋವು ಇಳಿದ ಮೇಲೆ ನಡು ಬಗ್ಗಿಸಿ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಬೇಕು, ಮೊದಲು ಬರಿಗೈಲಿ, ಆಮೇಲೆ ಸಣ್ಣದೊಂದು ಭಾರ ಹಿಡಿದು. ಅದು ರೂಢಿಯಾದ ಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದೇ ಅಂಗುಲ ಹತ್ತಿಸುತ್ತ ಹೋಗಬೇಕು. ಆರು ತಿಂಗಳಲ್ಲಿ ಗುಣವಾಗದಿದ್ದರೆ ದೊಡ್ಡ ಊರಿಗೆ ಹೋಗಿ ಹರಿದದ್ದನ್ನು ಹೊಲಿಸಬೇಕು. ‘ಮತ್ತ ಇನ್ನ ಮ್ಯಾಲ ಯಾರ ಕಡೆಯಿಂದನೂ ಜಗ್ಗಿಸ್ಕೊಬ್ಯಾಡ್ರಿ’ ಎಂದು ಹೇಳಿ, ‘ಜೋತೂ ಬೀಳಬ್ಯಾಡ್ರಿ’ ಎಂದು ಕೂಡಿಸಿದರು.

ಬಸ್ಸು ಧುಪದಾಳ ದಾಟಿತು. ಬಾಳಪ್ಪ ಕಿಡಕಿಯ ಹೊರಗೆ ನೋಡುತ್ತಲೇ ಹೇಳಿದ: ‘ಮಾಸ್ತರ್ರ, ಹಾಯೂದು ಬ್ಯಾರೆ. ಮನಿಶ್ಯಾನ್ನ ಕೋಡಮ್ಯಾಲ ಎತ್ತಿ ಹಿಡಿಯೂ ಎತ್ತನ್ನ ಮಕ್ಕಳಿರೂ ಮನ್ಯಾಗ ಹೆಂಗ ಕಟ್ಟಲಿ? ಬರೂ ಮೂಡಲಗಿ ಸಂತಿಗೆ ಹೊಡಕೊಂಡ ಹೋಗತೇನಿ. ತಾಯಿ ಸತ್ತ ಕರು ಅದು. ನನ್ನ ಹೇಣತಿ ಗಂಜಿ ಕುಡಿಸಿ ಬೆಳಿಸ್ಯಾಳು. ರಾಜಾ ಒಬ್ಬನ ಆಗತಾನ, ಅವಗ ಬ್ಯಾರೆ ಜೋಡಿ ಹೊಂದೂದಿಲ್ಲ.’ ನನಗೆ ನಾಚಿಕೆಯಾಯಿತು. ಸುಳ್ಳಾಡಿದ್ದಕ್ಕೆ ಅಲ್ಲ, ಅದು ರೂಢಿಯಾಗಿತ್ತು. ಒಂದು ಚೂರು ಕರದಂಟಿನ ಆಸೆಗೆ ಒಂದು ಮನೆಯ ಎತ್ತಿನ ಜೋಡಿ ಒಡೆಯುವ ಹೊತ್ತು ಬಂದದ್ದಕ್ಕೆ. ಬಾಯಿ ತೆರೆದೆ. ಹೇಳಬೇಕಾದ ಮಾತು ಅಂಟಿನ ಚೂರು ಹಲ್ಲಿಗೆ ಸಿಕ್ಕಿದ ಹಾಗೆ ಸಿಕ್ಕಿಕೊಂಡಿತು. ‘ಇಷ್ಟು ಅವಸರ ಯಾಕ?’ ಎಂದಷ್ಟೇ ಅಂದೆ. ‘ನೀವು ದೇವರಂಥವ್ರು’ ಎಂದ ಬಾಳಪ್ಪ. ಆ ಮಾತಿಗೆ ಹೋಲಿಸಿದರೆ ಮುದುಕ ಕೈ ಸೇದಿದ್ದು ಏನೂ ಅಲ್ಲ.

ಸಂತೆಯ ಹಿಂದಿನ ದಿನದ ತನಕ ನನಗೆ ಧೈರ್ಯ ಬರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಆ ದಿನ ಮಧ್ಯಾಹ್ನ ಸಾಲೆಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದೆ, ಕೈ ಕೊರಳ ಜೋಳಿಗೆಯಲ್ಲಿತ್ತು. ಟಕ್, ಟಕ್ ಎಂದು ಸಪ್ಪಳವಾಯಿತು. ಬಾಳಪ್ಪ ಸರ್ಜಾನನ್ನು ಹಿಡಿದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದ. ಎತ್ತಿನ ಮೈ ತೊಳೆದಿದ್ದರು, ಹಣೆಗೆ ಕುಂಕುಮ ಹಚ್ಚಿದ್ದರು. ಕೊರಳಲ್ಲಿ ಅದೇ ಕೊರಡು. ಮದುವೆಯಾದ ಮಗಳನ್ನು ಕಳಿಸಲು ಬಂದವನ ಹಾಗೆ ಬಾಳಪ್ಪನ ಮುಖ ಸಣ್ಣದಾಗಿತ್ತು. ‘ಮಾಸ್ತರ್ರ, ನಾಳೆ ಹೊಡಕೊಂಡ ಹೋಗಾಂವ. ನಿಮ್ಮ ಸಿಟ್ಟು ಹೊತಗೊಂಡು ಹೋದ್ರ ಹೋದ ಮನ್ಯಾಗೂ ಇದಕ್ಕ ಒಳ್ಳೇದಾಗೂದಿಲ್ಲ. ತಪ್ಪ ಹೊಟ್ಟ್ಯಾಗ ಹಾಕ್ಕೊಂಡು, ಒಂದ ಸಲ ತಲಿಮ್ಯಾಲ ಕೈ ಇಟ್ಟ ಕಳಸರಿ’ ಎಂದ. ಗಂಗವ್ವ ಒಳಗಿನಿಂದ ರೊಟ್ಟಿ ತಂದು ಎತ್ತಿನ ಬಾಯಿಗೆ ಹಿಡಿದಳು.

ಹರಸುವುದು ಬಲಗೈಯಿಂದ. ನಾನು ಎದ್ದು ಕೈಯನ್ನು ಜೋಳಿಗೆಯಿಂದ ತೆಗೆದು ಎತ್ತಿದೆ. ಅದು ಎಂದಿನಂತೆ ಅರ್ಧಕ್ಕೆ ನಿಂತಿತು, ಎತ್ತಿನ ಹಣೆ ಇನ್ನೂ ಗೇಣು ಮೇಲಿತ್ತು. ಸರ್ಜಾ ರೊಟ್ಟಿ ಅಗಿಯುತ್ತ ಆ ಕೈಯನ್ನು ನೋಡಿತು. ಆಮೇಲೆ ತಲೆ ತಗ್ಗಿಸಿ, ತನ್ನ ಹಣೆಯನ್ನು ನನ್ನ ಅಂಗೈಯ ಕೆಳಗೆ ತಂದಿಟ್ಟು ಸುಮ್ಮನೆ ನಿಂತಿತು. ಅದರ ಬಿಸಿ ಉಸಿರು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅಷ್ಟು ದಿನ ಹಲ್ಲಿಗೆ ಸಿಕ್ಕಿಕೊಂಡಿದ್ದ ಮಾತು ಬಿಟ್ಟಿತು. ‘ಬಾಳಪ್ಪ, ಇದು ನನ್ನ ಹಾಯ್ದಿಲ್ಲೋ’ ಎಂದೆ. ‘ಮುಟ್ಟೂ ಇಲ್ಲ. ನಾ ಕರದಂಟು ಕದಿಯಾಕ ಚೀಲ ಹತ್ತಿ, ತೊಲಿಗೆ ಜೋತುಬಿದ್ದು ಕೈ ಹರಕೊಂಡೇನಿ. ಇದು ಪಾಪ ಸುಮ್ಮನ ಬಾಗಿಲದಾಗ ನಿಂತಿತ್ತು.’ ಅಷ್ಟು ದೊಡ್ಡ ಮಾತು ಹೇಳಲು ಎರಡು ಉಸಿರು ಕೂಡ ಹಿಡಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲು ಎಡಗೈಯನ್ನೇ ಬಳಸಬೇಕಾಯಿತು.

ಗಂಗವ್ವ ಸೆರಗಿಗೆ ಕೈ ಒರೆಸಿಕೊಂಡು, ‘ಅಂತೂ ಬಾಯಿ ಬಿಟ್ರಿ’ ಎಂದಳು. ‘ನನಗ ಮೊದಲನೇ ದಿನಾನ ಗೊತ್ತಾಗೇತಿ. ತೊಲಿಮ್ಯಾಲಿನ ಧೂಳದಾಗ ನಿಮ್ಮ ಕೈಯ ಐದೂ ಬಳ್ಳು ಮೂಡ್ಯಾವ. ಬೇಕಾದ್ರ ಈಗೂ ಹೋಗಿ ನೋಡ್ರಿ, ನಾ ಝಾಡಿಸಿಲ್ಲ. ಸಾಲಿ ಮಾಸ್ತರ ಅದಾರ, ತಾವಾಗೇ ಹೇಳ್ತಾರಂತ ಹಾದಿ ನೋಡಿದೆ. ಬಾಳಪ್ಪಣ್ಣ, ನಾಳೆ ಮುಂಜಾನೆ ನಿಮ್ಮ ಎತ್ತು ಓಣಿ ದಾಟೂದರಾಗ ನಾನ ಬಂದು ಹೇಳಾಕಿದ್ದೆ.’ ತಿಂಗಳ ಮೇಲೆ ದಿನಗಟ್ಟಲೆ ನನಗೆ ಶಾಖ ಕೊಟ್ಟ ಕೈ ಅದು. ಉಪ್ಪಿನ ಗಂಟು ಒಮ್ಮೊಮ್ಮೆ ಅಷ್ಟು ಬಿಸಿಯಾಗಿ ಇರುತ್ತಿದ್ದುದು ಯಾಕೆ ಎಂದು ಆಗ ತಿಳಿಯಿತು.

ಬಾಳಪ್ಪ ನನ್ನನ್ನು ಬಯ್ಯುತ್ತಾನೆ ಎಂದು ಕಾದೆ. ಬಯ್ದಿದ್ದರೆ ಹಗುರಾಗುತ್ತಿದ್ದೆ. ಅವನು ಎತ್ತಿನ ಕೊರಳಿನ ಹಗ್ಗ ಬಿಚ್ಚಿದ. ಕೊರಡನ್ನು ಕೈಯಲ್ಲಿ ಹಿಡಿದು ಒಂದು ಸಲ ತೂಗಿ ನೋಡಿದ. ಎತ್ತಿನ ಮೊಣಕಾಲಿಗೆ ಬಡಿದು ಬಡಿದು ಅದರ ಒಂದು ತುದಿ ನುಣ್ಣಗಾಗಿತ್ತು. ಆಮೇಲೆ ಅದನ್ನು ತಂದು ನನ್ನ ಪಾದದ ಹತ್ತಿರ ಇಟ್ಟ. ‘ಡಾಕ್ಟರ ಸಾಹೇಬ್ರು ಏನರ ಭಾರ ಹಿಡಕೊಂಡು ಕೈ ತೂಗರಿ ಅಂದಿದ್ರಲ್ರಿ’ ಎಂದ, ‘ಇದು ಸರಿ ಆಗತೈತಿ. ಸರ್ಜಾಗ ಇನ್ನ ಬ್ಯಾಡ.’ ಅವನ ಮುಖದಲ್ಲಿ ನಗುವಿರಲಿಲ್ಲ. ಎತ್ತು ಹೊಡೆದುಕೊಂಡು ಹೊರಟು ಓಣಿಯ ತಿರುವು ಸೇರಿದಾಗ ಮಾತ್ರ ಅವನ ಹೆಗಲು ಕುಲುಕುತ್ತಿದ್ದುದು ಕಾಣಿಸಿತು. ಹೋಗುವ ಮುಂಚೆ ಗಂಗವ್ವ ಡಬ್ಬಿ ಇಳಿಸಿ ಒಂದು ದೊಡ್ಡ ಚೂರು ಕರದಂಟನ್ನು ಸರ್ಜಾನ ಬಾಯಿಗೆ ಇಟ್ಟಿದ್ದಳು. ಅದು ಒಂದೇ ಸಲಕ್ಕೆ ನುಂಗಿತು, ರುಚಿ ನೋಡುವ ವ್ಯವಧಾನ ಕೂಡ ಅದಕ್ಕಿರಲಿಲ್ಲ. ನನ್ನ ಕಡೆ ಡಬ್ಬಿ ತಿರುಗಲಿಲ್ಲ.

ಮರುದಿನದಿಂದ ಹಾಲು ನಿಂತಿತು. ಸರ್ಜಾ ಸಪ್ಪಳವಿಲ್ಲದೆ ಹೊಲಕ್ಕೆ ಹೋಗತೊಡಗಿತು. ಸಪ್ಪಳ ನಮ್ಮ ಮನೆಯೊಳಗೆ ಶುರುವಾಯಿತು. ನೋವು ಇಳಿದ ಮೇಲೆ ನಾನು ದಿನಾಲು ಬೆಳಿಗ್ಗೆ ಪಡಸಾಲೆಯಲ್ಲಿ ನಡು ಬಗ್ಗಿಸಿ, ಕೊರಡು ಹಿಡಿದು ಕೈ ತೂಗುತ್ತೇನೆ. ಒಮ್ಮೊಮ್ಮೆ ಅದು ನನ್ನ ಮೊಣಕಾಲಿಗೆ ಬಡಿಯುತ್ತದೆ. ಆಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತೇನೆ. ಮಗಳು ಬಂದಳು, ಹೆತ್ತಳು, ಕರದಂಟು ತಿಂದು ಗಟ್ಟಿಯಾಗಿ ಗಂಡನ ಮನೆಗೆ ಹೋದಳು. ಕೈ ಈಗ ಕಿವಿಯ ಮೇಲಿನತನಕ ಏರುತ್ತದೆ, ರುಮಾಲು ಸುತ್ತಲು ಬರುತ್ತದೆ, ಕರಿಹಲಗೆಯ ಮೇಲ್ಭಾಗ ಮತ್ತೆ ತುಂಬಿದೆ, ಹುಡುಗರ ಪ್ರೀತಿ ಕಡಿಮೆಯಾಗಿದೆ. ಡಾಕ್ಟರ ಲೆಕ್ಕದಲ್ಲಿ ನಾನು ಗುಣವಾದ ಹಾಗೆಯೇ. ಆದರೆ ಕೊರಡು ಇನ್ನೂ ನಮ್ಮ ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿದೆ. ಮೊನ್ನೆ ಕೆಳಗಿನ ಓಣಿಯವನೊಬ್ಬನ ಆಕಳು ಕಂಡವರ ಜೋಳಕ್ಕೆ ಬಾಯಿ ಹಾಕಿತಂತೆ. ‘ನಿಮ್ಮ ಮನ್ಯಾಗ ಒಂದು ಕೊರಡು ಐತಂತ್ರಲ್ಲ ವೈನಿ, ಒಂದೆಂಟ ದಿನ ಕೊಡ್ರಿ’ ಎಂದು ಕೇಳಿಕೊಂಡು ಬಂದಿದ್ದ. ಗಂಗವ್ವ ಅಡಿಗೆಮನೆಯ ತೊಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಇಲ್ಲಪಾ, ಕೊಡಾಕ ಬರೂದಿಲ್ಲ’ ಎಂದಳು, ‘ನಮಗ ಇನ್ನೂ ಬೇಕಾಗೇತಿ.’